ಉದ್ದ ಕತ್ತಿನ ಅಣಬೆ

ಜೂನ್ 9, ಸೋಮವಾರ

ಮತ್ತೆ ಬಸ್ಸು. ಕಚೇರಿಯ ಜೀಪು ಏಪ್ರಿಲ್‌ನಲ್ಲಿ ಹೋಯಿತು, ಚಹಾ ಮೇ ತಿಂಗಳಲ್ಲಿ. ಈಗ ಎಲ್ಲರೂ ಮನೆಯಿಂದ ಫ್ಲಾಸ್ಕ್ ತರುತ್ತೇವೆ. ಮ್ಯಾನೇಜರ್ ಶೀತಲ್ ಮೇಡಂ ಅದಕ್ಕೂ ಸ್ವಾವಲಂಬನೆ ಎನ್ನುತ್ತಾರೆ. ನಗದೆ ಹೇಳುತ್ತಾರೆ, ಅದೇ ಆಶ್ಚರ್ಯ.

ರಾಮಮೂರ್ತಿ ನಗರದಲ್ಲಿ ನಮ್ಮ ಸಂಸ್ಥೆ ನಡೆಸುತ್ತಿದ್ದ ಶಿಶುಪಾಲನಾ ಕೇಂದ್ರಕ್ಕೆ ಅನುದಾನ ನಿಂತಿತು. ಇಂದಿನಿಂದ ಅದೇ ಕೋಣೆ ಅಣಬೆ ಘಟಕ. ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸಕ್ಕೆ, ಹೌಸ್‌ಕೀಪಿಂಗಿಗೆ ಹೋಗುವ ಹೆಂಗಸರು ಮಕ್ಕಳನ್ನು ಬಿಟ್ಟು ಹೋಗುತ್ತಿದ್ದ ಜಾಗ. ಈಗ ಅವರದೇ ಸಂಘ, ಅವರದೇ ಬೆಳೆ. ಅಣಬೆ ಮಾರಿ ಬಾಡಿಗೆ ಹುಟ್ಟಿಸಿಕೊಂಡರೆ ಕೋಣೆ ಸಂಘದ ಕೈಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಸೆಪ್ಟೆಂಬರ್‌ನಲ್ಲಿ ಕೀಲಿ ಮಾಲೀಕನಿಗೆ. ಇಂಥದ್ದನ್ನೆಲ್ಲ ನಗುನಗುತ್ತಾ ಹೇಳಿ ಬರುವುದಕ್ಕೇ ನನ್ನನ್ನು ಕಾಂಟ್ರ್ಯಾಕ್ಟ್ ಮೇಲೆ ಇಟ್ಟುಕೊಂಡಿರುವುದು. ಹೇಳಿ ಬಂದೆ.

ಟ್ರೇನರ್ ರಾಜಶೇಖರ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಸಾಲಾಗಿ ನೇತುಹಾಕಿದ. ಹೊಸ ಕೊಂಡಿ ಹೊಡೆಯಬೇಕಾಗಲಿಲ್ಲ. ತೊಟ್ಟಿಲ ಕೊಂಡಿಗಳು ಹಾಗೇ ಇದ್ದವು.

ಆಯಾ ಆಗಿದ್ದ ಅಮೃತಮ್ಮ ಈಗ ಸಂಘದ ಅಧ್ಯಕ್ಷೆ. ಚೀಲವನ್ನು ಮೂಸಿ ನೋಡಿದರು.

"ಅಕ್ಕೋರೇ, ಇದು ನಾಯಿಕೊಡಿ ಅಲ್ಲೇನ್ರಿ? ತಿಪ್ಪಿ ಮ್ಯಾಲ ಏಳ್ತಾವಲ್ಲ?"

"ಅದಲ್ಲ, ಇದು ತಿನ್ನೋದು."

"ಯಾರ್ ತಿಂತಾರ್ರಿ?"

"ಇಂದಿರಾನಗರದವರು."

"ಅಯ್ಯ ಪಾಪ," ಅಂದರು.

ಜೂನ್ 12

ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಮಕ್ಕಳು ಎಲ್ಲಿ?

ಕೇಳಿದೆ. "ಎಲ್ಲಾ ವ್ಯವಸ್ಥಾ ಆಗ್ಯದ್ರಿ," ಅಂದರು ಅಮೃತಮ್ಮ. ಯಾರದೋ ಅತ್ತೆ ಬಂದಿದ್ದಾರಂತೆ, ಯಾರದೋ ಓಣಿಯವರು ನೋಡಿಕೊಳ್ಳುತ್ತಾರಂತೆ. ಹೋದ ವರ್ಷ ಕೇಂದ್ರದ ನಲ್ಲಿ ಎರಡು ದಿನ ನಿಂತಾಗ ಇದೇ ತಾಯಂದಿರು ಕಚೇರಿ ಬಾಗಿಲಿಗೆ ಬಂದು ಕೂಗಾಡಿದ್ದರು. ಈಗ ಕೇಂದ್ರವೇ ನಿಂತಿದೆ, ಒಬ್ಬರೂ ದನಿ ಎತ್ತಲಿಲ್ಲ. ಯಾಕೆ?

ರಿಪೋರ್ಟ್‌ನಲ್ಲಿ 'ಮಕ್ಕಳಿಗೆ ಪರ್ಯಾಯ ವ್ಯವಸ್ಥೆ ಆಗಿದೆ' ಎಂದು ಬರೆದೆ. ಶೀತಲ್ ಮೇಡಂಗೆ ಬಹಳ ಹಿಡಿಸಿತು.

ಇನ್ನೊಂದು — ಬರುವ ಮುಂಚೆ ಫೋನ್ ಮಾಡಬೇಕಂತೆ. ಬಾಗಿಲು ತೆಗೆದು ಮುಚ್ಚಿದರೆ ಬೆಳೆ ಕೆಡುತ್ತದಂತೆ. ಬೆಳೆ ಬಗ್ಗೆ ಇಷ್ಟು ಬೇಗ ಇಷ್ಟು ಕಾಳಜಿ. ಖುಷಿಯಾಯಿತು.

ಜುಲೈ 3, ಗುರುವಾರ

ಬಂದಿವೆ!

ಚೀಲ ಪೂರ್ತಿ ಬೆಳ್ಳಗಾಗಿತ್ತು. ಕತ್ತರಿಸಿಟ್ಟ ತೂತುಗಳಲ್ಲಿ ಈಗ ಗುಂಡುಸೂಜಿ ತಲೆಯಂಥ ಮೊಗ್ಗು. ಅರ್ಧ ಗಂಟೆ ಅಲ್ಲೇ ಕೂತು ನೋಡಿದೆ, ಬೆಳೆಯುವುದು ಕಣ್ಣಿಗೆ ಕಾಣುತ್ತದೇನೋ ಎಂದು. ಕಾಣಲಿಲ್ಲ. ಅಮೃತಮ್ಮ ನಕ್ಕರು. "ಹಾಲು ಕಾಯ್ಸಾಕ ಇಟ್ಟಂಗ ನೋಡ್ತೀರಲ್ರಿ."

ಕೋಣೆಯಲ್ಲಿ ಹುಲ್ಲಿನ ವಾಸನೆ, ಒದ್ದೆ ಗೋಣಿಯ ವಾಸನೆ. ಅದರ ಕೆಳಗೆ ಮತ್ತೊಂದು... ಬೇಬಿ ಪೌಡರ್? ಹಳೆಯ ವಾಸನೆ ಗೋಡೆಗಳಲ್ಲಿ ಉಳಿದಿರಬೇಕು.

ಜುಲೈ 8

ಏನೋ ಎಡವಟ್ಟಾಗಿದೆ. ಕೆ.ಆರ್.ಪುರದ ಘಟಕದಲ್ಲಿ ಅಣಬೆಗಳು ತಟ್ಟೆಯ ಹಾಗೆ ಅಗಲವಾಗಿ ಅರಳಿವೆ. ನಮ್ಮವು ಬೆರಳುದ್ದದ ಕತ್ತು, ಮೇಲೆ ಷರ್ಟ್ ಗುಂಡಿಯಷ್ಟು ತಲೆ. ಅದೇ ಬೀಜ, ಅದೇ ಹುಲ್ಲು, ಅದೇ ಟ್ರೇನರ್.

ಶಿವಾಜಿನಗರಕ್ಕೆ ಒಯ್ದೆ. ಹೋಟೆಲುಗಳಿಗೆ ಅಣಬೆ ಸಪ್ಲೈ ಮಾಡುವ ಅಸ್ಗರ್ ಬುಟ್ಟಿ ನೋಡಿ ನನ್ನ ಮುಖ ನೋಡಿದರು.

"ಯೇ ಕ್ಯಾ ಲಾಯೇ ಮೇಡಂ? ಮೊಳಕೆ ಕಾಳಾ, ಮಶ್ರೂಮಾ?"

ಸ್ಯಾಂಪಲ್ ಅಂತ ಒಂದು ಹಿಡಿ ಇಟ್ಟುಕೊಂಡರು, ಉಳಿದದ್ದು ವಾಪಸ್. ಬಸ್ಸಿನಲ್ಲಿ ಬುಟ್ಟಿ ತೊಡೆ ಮೇಲೆ. ಮನೆಗೆ ತಂದು ಈರುಳ್ಳಿ ಜೊತೆ ಹುರಿದೆ. ಚೆನ್ನಾಗಿಯೇ ಇತ್ತು.

ಜುಲೈ 9

ರಾಜಶೇಖರ ಬಂದು ನೋಡಿದ. ತಲೆ ಕೆರೆದುಕೊಂಡ.

"ಗಾಳಿ ಸಾಲ್ತಿಲ್ಲ ಮೇಡಂ. ಇವೂ ನಮ್ಮಂಗೇ ಉಸಿರಾಡ್ತವೆ. ಬಿಟ್ಟ ಉಸಿರು ರೂಮಲ್ಲೇ ನಿಂತ್ಬಿಟ್ರೆ ಕತ್ತು ಉದ್ದ ಮಾಡ್ತವೆ, ಒಳ್ಳೆ ಗಾಳಿ ಎಲ್ಲಿದೆ ಅಂತ ಹುಡುಕ್ಕೊಂಡು."

"ಹಾಗಾದ್ರೆ ಇಷ್ಟು ಚೀಲದ ಉಸಿರಿಗೆ ಇಷ್ಟಾಯ್ತಾ?"

"ಅದೇ ಗೊತ್ತಾಗ್ತಿಲ್ಲ. ಕೆ.ಆರ್.ಪುರದಲ್ಲೂ ಇಷ್ಟೇ ಚೀಲ ಇರೋದು."

ಅಮೃತಮ್ಮ ಆ ಕಡೆ ತಿರುಗಿ ಕಿಟಕಿಗೆ ಕಟ್ಟಿದ ಗೋಣಿಗೆ ನೀರು ಚಿಮುಕಿಸುತ್ತಿದ್ದರು. ಆಗಲೇ ತೊಟ್ಟಿಕ್ಕುತ್ತಿದ್ದ ಗೋಣಿಗೆ.

ಜುಲೈ 19, ಶನಿವಾರ

ಅಸ್ಗರ್ ಫೋನು. "ಮೇಡಂ, ಅವತ್ತಿನ ಲಂಬಾ ಗರ್ದನ್ ಮಾಲ್, ಆ ಉದ್ದ ಕತ್ತಿಂದು, ಇದ್ಯಾ? ಫುಲ್ ಕೊಡಿ!"

ಇಂದಿರಾನಗರದ ಯಾವುದೋ ರೆಸ್ಟೋರೆಂಟಿನ ಬಾಣಸಿಗ ಅವತ್ತು ಅಂಗಡಿಯಲ್ಲಿ ಉಳಿದಿದ್ದ ಆ ಒಂದು ಹಿಡಿ ಒಯ್ದಿದ್ದನಂತೆ. ನೂಡಲ್ಸ್ ಸೂಪಿಗೆ ಅಂಥದ್ದೇ ಬೇಕಂತೆ. ಅಗಲದ್ದು ಎಲ್ಲ ಕಡೆ ಸಿಗುತ್ತದೆ, ಇದು ಸಿಗುವುದಿಲ್ಲ.

ಅದೃಷ್ಟ ಅಂದರೆ ಇದು. ಸಂಘದವರಿಗೆ ಹೇಳಿದಾಗ ಕಾವೇರಿ ನನ್ನ ಕೈ ಹಿಡಿದು ಗಿರಗಿರನೆ ತಿರುಗಿಸಿಬಿಟ್ಟಳು. ಬೈಯಪ್ಪನಹಳ್ಳಿ ಕಡೆಯ ಆಫೀಸೊಂದರಲ್ಲಿ ನೆಲ ಒರೆಸುವ ಹುಡುಗಿ, ಮಹಾ ಗಟ್ಟಿಗಿತ್ತಿ. "ಖೋಲಿ ನಮ್ದೇ ಉಳೀತದೇನ್ರಿ ಹಂಗಾದ್ರ?" ಉಳೀತದೆ ಎಂದೆ. ಅತ್ತಳು. ಅಣಬೆಗೆ ಯಾರಾದರೂ ಅಳುತ್ತಾರಾ?

ಶೀತಲ್ ಮೇಡಂಗೆ ಇನ್ನೂ ಸಂಭ್ರಮ. "ವಿಮಲಾಕ್ಷಿ, ಟೆಕ್ನಿಕ್ ಏನು ಅಂತ ತಿಳ್ಕೊಳ್ಳಿ." ಸಂತೋಷದಿಂದ. ಅದು ನನಗೂ ಬೇಕಾಗಿದೆ.

ಜುಲೈ 28

ನಾಳೆ ಪಂಚಮಿ. ಹೆಂಗಸರೆಲ್ಲ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದರು. ಆ ಕಡೆಯವರಿಗೆ ಪಂಚಮಿ ಅಂದರೆ ತವರು, ಜೋಕಾಲಿ, ಉಂಡಿ. ಯಾವ ಕೆಲಸವೂ ತಡೆಯಲಾರದು. ಅಮೃತಮ್ಮನಿಗೆ ತವರಿನಲ್ಲಿ ಯಾರೂ ಉಳಿದಿಲ್ಲ. ಒಬ್ಬರೇ ನೀರು ಹಾಕುತ್ತಾರೆ.

ಆಗಸ್ಟ್ 2, ಶನಿವಾರ

ತಟ್ಟೆಗಳು! ಅಂಗೈ ಅಗಲ, ಬೂದುಬಣ್ಣ, ಕತ್ತೇ ಇಲ್ಲ. ಕೆ.ಆರ್.ಪುರದ್ದಕ್ಕಿಂತ ಚೆಂದ.

ಅಸ್ಗರ್ ಸಿಟ್ಟಾದರು. "ಇದು ಬೇಡ ಮೇಡಂ, ಪುರಾನಾ ಮಾಲ್ ಕೊಡಿ. ಶೆಫ್ ತಲೆ ತಿಂತಾನೆ."

ಗೋಣಿ ಅದೇ, ಕಿಟಕಿ ಅದೇ, ನೀರು ಹಾಕುವ ಕೈ ಕೂಡ ಅದೇ. ಈ ವಾರ ಏನು ಬದಲಾಯಿತು? ಅಮೃತಮ್ಮನನ್ನು ಕೇಳಿದೆ. "ದೇವ್ರ ಆಟ ಇರ್ತದ್ರಿ," ಅಂದರು, ನನ್ನ ಕಣ್ಣು ತಪ್ಪಿಸಿ. ನೇರ ಮಾತಿನ ಹೆಂಗಸು. ದೇವರನ್ನು ನಡುವೆ ಎಳೆದು ತರುವವರಲ್ಲ.

ಈ ವಾರ ಹೆಂಗಸರು ಇರಲಿಲ್ಲ. ಆದರೆ ಹೆಂಗಸರು ಹಗಲು ಯಾವತ್ತೂ ಕೋಣೆಯಲ್ಲಿ ಇರುವುದಿಲ್ಲವಲ್ಲ...

ಆಗಸ್ಟ್ 7, ಗುರುವಾರ

ಗೊತ್ತಾಯಿತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಮೊಬೈಲ್ ಚಾರ್ಜ್ ಮುಗಿದಿತ್ತು. ಫೋನ್ ಮಾಡದೆ ಹೋದೆ. ಬಾಗಿಲು ತಟ್ಟಿದರೆ ಉತ್ತರವಿಲ್ಲ. ತಳ್ಳಿದೆ.

ಕತ್ತಲು. ಚೀಲಗಳ ಕೆಳಗೆ ಚಾಪೆ. ಚಾಪೆ ತುಂಬಾ ಮಕ್ಕಳು. ನಮ್ಮ ಕೇಂದ್ರದ ಹನ್ನೆರಡೂ ಮಕ್ಕಳು. ಕೆಲವು ಮಲಗಿದ್ದವು, ಕೆಲವು ಸುಮ್ಮನೆ ಕೂತಿದ್ದವು. ಹನ್ನೆರಡು ಮಕ್ಕಳಿರುವ ಕೋಣೆ ಅಷ್ಟು ನಿಶ್ಶಬ್ದವಾಗಿರುವುದನ್ನು ನಾನು ಕಂಡಿಲ್ಲ. ಕಾವೇರಿಯ ಮಗಳು ಯಮುನಾ, ಮೂರು ವರ್ಷದ್ದು, ತುಟಿಯ ಮೇಲೆ ಬೆರಳಿಟ್ಟು ನನಗೇ ಹೇಳಿತು:

"ಶ್... ಅಣಬಿ ಮಲ್ಕೊಂಡಾವ."

ಹೇಳಿ ಕೆಮ್ಮಿತು. ಕೆಮ್ಮು ಕೇಳಿಸಬಾರದೆಂದು ಲಂಗವನ್ನು ಬಾಯಿಗೆ ಒತ್ತಿಕೊಂಡಿತು.

ಅಮೃತಮ್ಮ ಗೋಡೆಗೆ ಒರಗಿ ಕೂತಿದ್ದರು. ಎದ್ದೇಳಲಿಲ್ಲ.

"ಎಲ್ಲಿ ಬಿಡಬೇಕ್ರಿ ಇವನ್ನ? ನೀವು ಬರ್ತೀರಂದ್ರ ಮಾಳಿಗಿಗಿ ಕರ್ಕೊಂಡ್ ಹೋಗ್ತೀನಿ. ಉಳಿದ ಹೊತ್ತು ಇಲ್ಲೇ. ನಿಮಗ ಗೊತ್ತಾಗಬಾರ್ದಂತ ಅಲ್ರಿ. ಗೊತ್ತಾದ್ರ ನೀವು ಬರೀಬೇಕಾಗ್ತದಲ್ಲ, ಅದಕ್ಕ."

ವ್ಯವಸ್ಥೆ ಆಗಿದೆ ಎಂದು ಬರೆದವಳು ನಾನೇ. ಅತ್ತೆಯೂ ಇರಲಿಲ್ಲ, ಓಣಿಯವರೂ ಇರಲಿಲ್ಲ. ಚಾಪೆಯ ಮೇಲೆ ನಾನೂ ಕೂತೆ. ಉದ್ದ ಕತ್ತಿನ ಹೊಸ ಮೊಗ್ಗುಗಳು ತಲೆಯ ಮೇಲೆ.

ಆಗಸ್ಟ್ 8

ರಾಜಶೇಖರನಿಗೆ ಹೇಳಿದೆ, ಯಾರಿಗೂ ಹೇಳಬೇಡ ಎಂದು ಮೊದಲೇ ಆಣೆ ಹಾಕಿಸಿ. ಮೊದಲು "ಅಷ್ಟೇನಾ!" ಅಂದ, ಒಗಟು ಬಿಡಿಸಿದ ಖುಷಿಯಲ್ಲಿ. ಆಮೇಲೆ ಮುಖ ಸಣ್ಣದಾಯಿತು.

"ಅಣಬೆ ಅರಳಿದಾಗ ಹೊಗೆ ಥರ ಪುಡಿ ಉದುರತ್ತೆ ಮೇಡಂ. ದಿನಾ ಉಸಿರಲ್ಲಿ ಎಳ್ಕೊಂಡ್ರೆ ದೊಡ್ಡೋರಿಗೇ ಎದೆ ಕಟ್ಟತ್ತೆ. ನಾನು ಮಾಸ್ಕ್ ಹಾಕ್ಕೊಳ್ಳೋದು ಯಾಕೆ ಅಂದ್ಕೊಂಡ್ರಿ?"

ಸಂಜೆ ಕಾವೇರಿಗೆ ಹೇಳಿದೆ. ಕೆಲಸದ ಸೀರೆಯಲ್ಲೇ ಇದ್ದಳು. ಆಫೀಸಿಗೆ ಯಮುನಾಳನ್ನು ಒಮ್ಮೆ ಕರೆದೊಯ್ದಿದ್ದಳಂತೆ. ಗೇಟಿನಿಂದಲೇ ಇಬ್ಬರನ್ನೂ ವಾಪಸ್ ಕಳಿಸಿದರಂತೆ.

"ಕೆಮ್ಮಿಗಿ ಔಷಧ ಅದ್ರಿ ಅಕ್ಕೋರೇ. ಖೋಲಿ ಹೋದ್ರ ಅದಕ್ಕ ಔಷಧ ಇಲ್ಲ. ಬರೀಬ್ಯಾಡ್ರಿ."

ಕಲ್ಯಾಣ ನಗರದ ನನ್ನ ಮನೆಯಲ್ಲಿ ಎರಡು ಕಿಟಕಿ ಇವೆ. ಎರಡನ್ನೂ ತೆರೆದು ಕೂತಿದ್ದೇನೆ. ನಾಚಿಕೆಯಾಗುತ್ತಿದೆ.

ಆಗಸ್ಟ್ 12, ಮಂಗಳವಾರ

ಶೀತಲ್ ಮೇಡಂ ಸಿಹಿ ಹಂಚಿದರು. ಕಚೇರಿಯಲ್ಲಿ ಸಿಹಿ ಕಂಡು ಎಷ್ಟು ಕಾಲವಾಯಿತು! ಮೇಲಿನವರಿಗೆ ನಮ್ಮ ಅಣಬೆ ಬಹಳ ಮೆಚ್ಚಿಗೆಯಾಗಿದೆ. ಮುಚ್ಚಿದ ಶಿಶುಪಾಲನಾ ಕೇಂದ್ರಗಳಲ್ಲೆಲ್ಲ ಇದನ್ನೇ ಶುರು ಮಾಡುತ್ತಾರಂತೆ. ಇನ್ನೂ ತೆರೆದಿರುವ ಕೆಲವನ್ನೂ ಮುಚ್ಚಿ.

"ನಾಳೆ ರಾತ್ರಿಯೊಳಗೆ ವಿಧಾನ ಬರೆದು ಕಳಿಸಿ. ಒಂದೇ ಪುಟ. ಯಾರು ಓದಿದ್ರೂ ಮಾಡೋ ಹಾಗಿರ್ಬೇಕು."

ಕೇಸರಿಬಾತಿನ ತಟ್ಟೆ ಕೆಳಗಿಟ್ಟೆ. ಇದು ನಮ್ಮ ಹನ್ನೆರಡು ಮಕ್ಕಳ ಮಾತಾಗಿ ಉಳಿದಿಲ್ಲ. ನಾನು ಸುಮ್ಮನಿದ್ದರೆ ಅಮೃತಮ್ಮನ ಕೋಣೆ ಉಳಿಯುತ್ತದೆ, ಅಂಥವೇ ಎಷ್ಟೋ ಕೋಣೆಗಳು ಕತ್ತಲಾಗುತ್ತವೆ.

ಆಗಸ್ಟ್ 13, ಬೆಳಿಗ್ಗೆ

ಕಾವೇರಿಯ ಫೋನು. ರಾತ್ರಿ ಯಮುನಾಗೆ ಉಸಿರು ಎಳೆಯಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ಹೊಗೆಯಂಥ ಔಷಧ ಹಿಡಿದರು. ಈಗ ಮಲಗಿದೆಯಂತೆ.

ಓಡಿದೆ. ಮಗು ಆರಾಮಾಗಿ ಉಸಿರಾಡುತ್ತಿತ್ತು.

ಕಾವೇರಿ ಬೆಂಚಿನ ಮೇಲೆ ಕೂತಿದ್ದಳು. ನಿನ್ನೆಯ ಮಾತು ಹೇಳಿದೆ, ಎಲ್ಲ ಕೇಂದ್ರಗಳಲ್ಲೂ ಮಾಡುತ್ತಾರಂತೆ ಎಂದು. ಎದ್ದು ಹೋಗಿ ಯಮುನಾಳ ಹೊದಿಕೆ ಸರಿಮಾಡಿ ಬಂದಳು.

"ಬರೀರಿ ಅಕ್ಕೋರೇ. ಕತ್ತು ಯಾಕ ಉದ್ದ ಆಗ್ತದಂತ ಅವರಿಗೂ ತಿಳೀಲಿ."

ಅಲ್ಲಿಂದ ಕೋಣೆಗೆ. ಅಮೃತಮ್ಮ ಆಗಲೇ ಕಿಟಕಿಯ ಗೋಣಿಗಳನ್ನು ಕಿತ್ತುಹಾಕಿದ್ದರು. ಚೀಲಗಳು ಅಂಗಳದಲ್ಲಿ, ಮಕ್ಕಳು ಒಳಗೆ. ಗಲಾಟೆಯೋ ಗಲಾಟೆ. ಕೊಂಡಿಗಳು ಖಾಲಿ. ಇದು ಎಷ್ಟು ದಿನವೋ ಗೊತ್ತಿಲ್ಲ. ಅಮೃತಮ್ಮನೂ ಕೇಳಲಿಲ್ಲ.

ಆಗಸ್ಟ್ 13, ಸಂಜೆ

ಮೇಡಂ ಎರಡು ಸಲ ಕರೆದರು. ಎತ್ತಲಿಲ್ಲ. ಮೊದಲು ಇಲ್ಲಿ ಬರೆದು ನೋಡಿ, ಇದನ್ನೇ ಕಳಿಸುತ್ತೇನೆ. ಕೇಳಿದ್ದಾರಲ್ಲ, ಯಾರು ಓದಿದರೂ ಮಾಡುವ ಹಾಗಿರಬೇಕು ಎಂದು.

ಉದ್ದ ಕತ್ತಿನ ಅಣಬೆ — ಬೆಳೆಯುವ ವಿಧಾನ.

ಬೇಕಾಗುವ ಸಾಮಗ್ರಿ: ಭತ್ತದ ಹುಲ್ಲು, ಅಣಬೆ ಬೀಜ, ಪ್ಲಾಸ್ಟಿಕ್ ಚೀಲ, ಒದ್ದೆ ಗೋಣಿ. ಶಿಶುಪಾಲನಾ ಕೇಂದ್ರ ನಡೆಯುತ್ತಿದ್ದ ಕೋಣೆ ಒಂದು. ಎರಡರಿಂದ ಐದು ವರ್ಷದ ಮಕ್ಕಳು, ಹನ್ನೆರಡು.

ಮಾಡುವ ಕ್ರಮ: ತೊಟ್ಟಿಲ ಕೊಂಡಿಗಳಿಗೆ ಚೀಲಗಳನ್ನು ನೇತುಹಾಕಿ. ಕಿಟಕಿ ಮುಚ್ಚಿ. ತಾಯಂದಿರು ಕೆಲಸಕ್ಕೆ ಹೊರಟ ಕೂಡಲೇ ಮಕ್ಕಳನ್ನು ಚೀಲಗಳ ಕೆಳಗೆ ಮಲಗಿಸಿ ಬಾಗಿಲು ಹಾಕಿ. ಸಂಜೆಯವರೆಗೆ ತೆಗೆಯಬಾರದು. ಮಕ್ಕಳು ಉಸಿರಾಡುತ್ತಿರಬೇಕು. ಯಾವುದಾದರೂ ಮಗು ಕೆಮ್ಮಿದರೆ ಲಂಗವನ್ನು ಬಾಯಿಗೆ ಒತ್ತಿಕೊಳ್ಳಲು ಕಲಿಸಿ.