ಗಿಡ ಕೀಳಿಸುವುದಿಲ್ಲ

ಜಯನಗರ ನಾಲ್ಕನೇ ಬ್ಲಾಕ್,
ಬೆಂಗಳೂರು, 27-4-1961

ಪೂಜ್ಯ ಅತ್ತೆಯವರಿಗೆ,

ವಾರಿಜಾಳ ನಮಸ್ಕಾರ. ಸಾಷ್ಟಾಂಗ ನಮಸ್ಕಾರ ಎಂದು ಬರೆಯುವುದು ವಾಡಿಕೆ. ಈ ಸಲ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ನಿಮ್ಮ ಮಂಡಿನೋವು ಹೇಗಿದೆ? ಸೀನುವಿನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ರಾತ್ರಿ ಮಲಗುವ ಮುಂಚೆ ಎಣ್ಣೆ ಹಚ್ಚಿಸಿಕೊಳ್ಳಿ. ಅಲ್ಲಿಯ ಸೊಸೆಗೆ ಪುರುಸೊತ್ತಿಲ್ಲದಿದ್ದರೆ ಸೀನುವೇ ಹಚ್ಚಲಿ, ಕೈಯೇನೂ ಸವೆಯುವುದಿಲ್ಲ. ಇಲ್ಲಿ ನಿಮ್ಮ ಮಗ ಆರೋಗ್ಯವಾಗಿದ್ದಾರೆ. ನೀವು ಕೇಳದಿದ್ದರೂ ಹೇಳುತ್ತೇನೆ, ನಾನೂ ಚೆನ್ನಾಗಿದ್ದೇನೆ.

ನಿಮ್ಮ ಕಾಗದ ನಿನ್ನೆ ಬಂತು. ನಿಮ್ಮ ಮಗ ಅದನ್ನು ಓದಿ, ಮೇಜಿನ ಮೇಲೆ ಬಿಡಿಸಿಟ್ಟು, ಸ್ನಾನಕ್ಕೆ ಹೋದರು. ನೀನೂ ಓದಿಕೋ ಎಂದು ಅರ್ಥ. ಬಾಯಿ ಬಿಟ್ಟು ಹೇಳುವ ಧೈರ್ಯ ಅವರಿಗೆ ಯಾವತ್ತು ಇತ್ತು? ಹಿಂದಿನ ಮನೆಯ ಸೀತಮ್ಮನವರು ನಿಮಗೆ ಬರೆದಿದ್ದಾರಂತೆ, ಯುಗಾದಿಯಾದ ವಾರ ನಾನು ಹೊರಗೆ ಕೂತಿದ್ದಾಗ ಹಿತ್ತಿಲಿಗಿಳಿದು ಗಿಡಗಳನ್ನೆಲ್ಲ ಮುಟ್ಟಿದೆ ಅಂತ. ಅದಕ್ಕೆ ನಿಮ್ಮ ಅಪ್ಪಣೆ: "ಹೊರಗಾದವಳು ಮುಟ್ಟಿದ ಗಿಡ ಒಂದೂ ಇರಕೂಡದು. ಎಲ್ಲಾ ಕೀಳಿಸು. ಆಮೇಲೆ ನಾನು ಬರ್ತೀನಿ." ಸೀತಮ್ಮನವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನೋಡಿದ್ದು ನನಗೂ ಕಂಡಿತ್ತು. ಅಷ್ಟು ಹೊತ್ತು ನಿಂತು ನೋಡುವ ಬದಲು ಒಂದು ಗುದ್ದಲಿ ಕೊಟ್ಟಿದ್ದರೆ ಪುಣ್ಯ ಬರುತ್ತಿತ್ತು.

ಮುಟ್ಟಿದ್ದು ನಿಜ. ಅವರು ಅರ್ಧ ಹೇಳಿದ್ದಾರೆ, ಪೂರ್ತಿ ನಾನು ಹೇಳುತ್ತೇನೆ. ಅವತ್ತು ಎರಡನೆಯ ದಿನ. ಇವರು ಆಫೀಸಿಗೆ ಹೋಗಿದ್ದರು. ನಾನು ಹಿತ್ತಿಲ ಜಗಲಿಯಲ್ಲಿ ನನ್ನ ಚಾಪೆ, ನನ್ನ ಚೆಂಬು, ಆ ಮೂರು ದಿನಕ್ಕೆಂದೇ ನೀವು ತೆಗೆದಿಟ್ಟ ನೆಗ್ಗಿದ ಅಲ್ಯುಮಿನಿಯಂ ತಟ್ಟೆ ಇಟ್ಟುಕೊಂಡು ಕೂತಿದ್ದೆ. ಮಧ್ಯಾಹ್ನ ಆಲಿಕಲ್ಲಿನ ಜೊತೆ ಮಳೆ ಶುರುವಾಯಿತು. ನಮ್ಮ ರಸ್ತೆಗೆ ಚರಂಡಿ ಇನ್ನೂ ಆಗಿಲ್ಲ, ನಿಮಗೇ ಗೊತ್ತು. ಮೇಲಿನ ಖಾಲಿ ಸೈಟುಗಳ ಕೆಂಪು ನೀರೆಲ್ಲ ನಮ್ಮ ಹಿತ್ತಿಲಿಗೆ ನುಗ್ಗಿತು. ಸೇವಂತಿಗೆ ಪಾತಿ ಮುಳುಗಿತು, ಬದನೆ ಸಸಿ ತೇಲಿದವು. ನಿಮ್ಮ ದುಂಡುಮಲ್ಲಿಗೆಯ ಬುಡದ ಮಣ್ಣು ಕೊಚ್ಚಿಹೋಗಿ ಬೇರು ಕಾಣತೊಡಗಿತು. ಅದನ್ನು ನೋಡುತ್ತ ಕೈಕಟ್ಟಿ ಕೂರಬೇಕಿತ್ತೇ? ಗುದ್ದಲಿ ಒಳಗಿನ ಉಗ್ರಾಣದಲ್ಲಿತ್ತು, ನಾನು ಒಳಗೆ ಕಾಲಿಡುವ ಹಾಗಿರಲಿಲ್ಲ. ನಿಮ್ಮ ಆ ನಿಯಮವನ್ನು ಅವತ್ತೂ ಮೀರಲಿಲ್ಲ, ನೋಡಿ. ಉಂಡ ತಟ್ಟೆಯನ್ನೇ ತೊಳೆದು ಅದರಲ್ಲೇ ಕಾಲುವೆ ತೋಡಿದೆ. ಸಂಜೆಯವರೆಗೂ ಮಳೆಯಲ್ಲೇ ನೆನೆದು ಬುಡಕ್ಕೆಲ್ಲ ಮಣ್ಣೇರಿಸಿದೆ. ಒಂದೊಂದು ಸಸಿಯನ್ನೂ ಈ ಕೈಯಿಂದಲೇ ನಿಲ್ಲಿಸಿದೆ.

ಈ ಕೈಯ ವಿಷಯ ಸಂಕ್ರಾಂತಿಯ ದಿನ ನೀವೇ ಎತ್ತಿದ್ದು. ನನ್ನ ಕೂಸು ಹೋಗಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಎಳ್ಳು ತೆಗೆದುಕೊಳ್ಳಲು ಬಂದಿದ್ದ ಸೀತಮ್ಮನವರ ಎದುರಿಗೇ, ಒಣಗುತ್ತಿದ್ದ ಮಲ್ಲಿಗೆ ತೋರಿಸಿ, "ಹೊಟ್ಟೇಲಿ ನಿಲ್ಲದ್ದು ಇವಳ ಕೈಯಲ್ಲಿ ನಿಲ್ಲುತ್ತಾ? ಆ ಗಿಡದ ಕಥೆ ಮುಗೀತು" ಅಂದಿರಿ. ಮಾರನೆಯ ವಾರ ಟ್ರಂಕು ಕಟ್ಟಿಕೊಂಡು ತುಮಕೂರಿಗೆ, ಸೀನುವಿನ ಮನೆಗೆ ಹೋದಿರಿ. ನಾನು ಆ ಮಾತು ಮರೆತಿಲ್ಲ, ಮರೆಯುವುದೂ ಇಲ್ಲ.

ಮಳೆಯಾದ ಹತ್ತನೇ ದಿನಕ್ಕೆ ಆ ಮಲ್ಲಿಗೆಯ ಕಡ್ಡಿ ಕಡ್ಡಿಗೂ ಚಿಗುರು ಬಂತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋದವಳು ಅಲ್ಲೇ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಹೋದ ವರ್ಷದಿಂದ ನನಗೆ ಸಂತೋಷ ಎನ್ನುವುದೇ ಆಗಿರಲಿಲ್ಲ ಅತ್ತೆ, ಅವತ್ತು ಆಯಿತು. ಈಗ ದಿನಾ ಸಂಜೆ ಮಳೆ. ಸೆರಗು ಸಿಕ್ಕಿಸಿಕೊಂಡು ಹುರುಳಿಕಾಯಿ ಬೀಜ ಊರುತ್ತೇನೆ, ಬದನೆಗೆ ಕಡ್ಡಿ ಕಟ್ಟುತ್ತೇನೆ. ಇವರು ಕೊಡೆ ಹಿಡಿದು ಬಾಗಿಲಲ್ಲಿ ನಿಂತು ನೆಗಡಿಯಾಗುತ್ತೆ ಅನ್ನುತ್ತಾರೆ, ಕೊಡೆಯನ್ನು ಮಾತ್ರ ನನ್ನ ತಲೆಯ ಮೇಲೆ ಹಿಡಿಯುವುದಿಲ್ಲ.

ಇಂಥವರು ನಿಮ್ಮ ಕಾಗದ ಓದಿದ್ದೇ ತಡ, ನಮಗೆ ಸೊಪ್ಪು, ಗೊಬ್ಬರ ತಂದು ಹಾಕುವ ಗೊಟ್ಟಿಗೆರೆಯ ಬೈರಣ್ಣನಿಗೆ ಗಿಡ ಕೀಳಲು ಹೇಳಿಕಳಿಸಿದರು. ಅವನು ಈ ಬೆಳಿಗ್ಗೆ ಗುದ್ದಲಿ ಸಮೇತ ಬಂದ. ನಾನು ಮಲ್ಲಿಗೆಯ ಮುಂದೆ ನಿಂತು ಕಾರಣ ಹೇಳಿದೆ. ಮುಚ್ಚಿಡಲಿಲ್ಲ. ಅವನು ತಲೆ ಕೆರೆದುಕೊಂಡು, "ನಮ್ ಹೆಂಗಸ್ರು ಮೂರು ದಿನ ತೋಟಕ್ಕಿಳೀದೆ ಕೂತ್ರೆ ಸೊಪ್ಪು ಕೊಯ್ಯೋರ್ಯಾರು, ಅಮ್ಮಾವ್ರೇ? ದೊಡ್ಡಮ್ಮಾವ್ರು ಇಷ್ಟು ವರ್ಷ ತಿಂದಿದ್ದೂ ಅದೇ ಸೊಪ್ಪು" ಅಂದ. ಇವರು ಪೇಪರು ಮುಖಕ್ಕೆ ಅಡ್ಡ ಹಿಡಿದರು. ಬಂದವನನ್ನು ಸುಮ್ಮನೆ ಕಳಿಸುವುದೇಕೆಂದು ತಟ್ಟೆಯಲ್ಲಿ ತೋಡಿದ್ದ ಕಾಲುವೆಯನ್ನು ಆಳ ಮಾಡಿಸಿ, ಕನಕಾಂಬರಕ್ಕೆ ಹೊಸ ಪಾತಿ ತೆಗೆಸಿದೆ.

ಗಿಡ ಕೀಳಿಸುವುದಿಲ್ಲ. ನೀವು ಬಂದರೆ ನಿಮ್ಮ ಕೋಣೆ ಗುಡಿಸಿ ಸಿದ್ಧವಾಗಿದೆ. ಬರದಿದ್ದರೆ ಅದು ನಿಮ್ಮ ಇಷ್ಟ. ಸೀನುವಿನ ಮಕ್ಕಳಿಗೆ ನನ್ನ ಆಶೀರ್ವಾದ ಹೇಳಿ.

ನಿಮ್ಮ ಹಿರಿಯ ಸೊಸೆ,
ವಾರಿಜಾ

ಮರೆತಿದ್ದೆ, ಟಪಾಲು ಹೋಗುವ ಹೊತ್ತಾಯಿತು: ಕಳೆದ ಎರಡು ಶನಿವಾರ ಇವರು ಬಾಳೆಲೆಯಲ್ಲಿ ಸುತ್ತಿ ನಿಮಗೆ ತಂದುಕೊಟ್ಟ ಮೊಗ್ಗು ಗಾಂಧಿಬಜಾರಿನದಲ್ಲ, ಅದೇ ಗಿಡದ್ದು. ನಿಮಗೆ ಹೆದರಿ ಸುಳ್ಳು ಹೇಳಿದರು. ಬಿಡಿಸಿದ್ದು ನಾನು, ಕಟ್ಟಿದ್ದೂ ನಾನು. ಇಂಥ ಹೂವು ದೇವರಿಗೆ ಏರಿಸಿ ಎಷ್ಟು ದಿನ ಆಗಿತ್ತು ಅಂದಿರಂತೆ. ಈ ಶನಿವಾರ ಇವರಿಗೆ ಆಫೀಸಿನ ಕೆಲಸ, ಬರುವ ಶನಿವಾರ ತುಮಕೂರಿಗೆ ಹೊರಡುತ್ತಾರೆ. ಹೂವು ಬೇಡವಾದರೆ ಅಷ್ಟರೊಳಗೆ ಒಂದು ಕಾರ್ಡು ಬರೆದು ಹಾಕಿ. ಕಾರ್ಡು ಬರದಿದ್ದರೆ ಕಳಿಸುತ್ತೇನೆ.