ಸ್ಟೀರಿಯೊ ಕಾರಿನಲ್ಲೇ ಇದೆ

ಬಸವೇಶ್ವರನಗರ
ಭಾನುವಾರ

ಸುಧೀಂದ್ರ,

ನಿನಗೆ ಬರೆಯುವ ಕಾಗದ ಆಶೀರ್ವಾದದಿಂದ ಶುರುವಾಗಬೇಕು. ಈ ಸಲ ಅದನ್ನು ತಡೆದಿಟ್ಟುಕೊಂಡಿದ್ದೇನೆ.

ಕ್ಲೇಮ್ ಫಾರಂ ಇದರ ಜೊತೆಗಿದೆ. ನೀನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟ ಜಾಗವನ್ನು ನಾನು ತುಂಬಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ನೀನು ಮಧ್ಯೆ ಮಧ್ಯೆ ‘ಅಂಕಲ್, ಅಂಕಲ್’ ಅಂದು ನನ್ನ ಕೋಪವನ್ನು ಹಾಳುಮಾಡುತ್ತೀಯ.

ಮೂರು ವರ್ಷದ ಹಿಂದೆ ನೀನು ಕಾರಿನ ವಿಮೆಯ ಏಜೆಂಟನಾಗಿ ನಮ್ಮ ಸೋಫಾದ ತುದಿಯಲ್ಲಿ ಕೂತು ಅಂದದ್ದು: ‘ಬಂಪರ್ ಟು ಬಂಪರ್ ಅಂಕಲ್, ಎಲ್ಲಾ ಕವರ್ ಆಗುತ್ತೆ, ಕಣ್ಮುಚ್ಕೊಂಡು ಸೈನ್ ಹಾಕಿ.’ ಹಾಗೇ ಹಾಕಿದೆ. ಹಾಲಿನ ಚೀಟಿಯನ್ನೂ ಎರಡು ಸಲ ಓದುವವನು ಅದೊಂದನ್ನು ಓದಲಿಲ್ಲ, ತಂದವನು ನೀನು ಎಂದು. ಮೊನ್ನೆ ವಿಜಯನಗರದ ಮಾರುಕಟ್ಟೆಯ ಹಿಂದಿನ ಅಡ್ಡರಸ್ತೆಯಲ್ಲಿ ಕಳ್ಳ ಕಾರಿನ ಗಾಜು ಒಡೆದು ಬ್ಯಾಗು ಎತ್ತಿಕೊಂಡು ಹೋದ ಮೇಲೆ ತಿಳಿಯಿತು, ಗಾಜಿಗೆ ವಿಮೆ ಉಂಟು, ಒಳಗಿಟ್ಟದ್ದಕ್ಕೆ ಇಲ್ಲ ಎಂದು. ಬ್ಯಾಗಿನಲ್ಲಿದ್ದದ್ದು ನಿನ್ನ ಆಂಟಿ ಅಂಬುಜಾ ಕೇಳಿಸಲೆಂದು ಕಿವಿಗೆ ಹಾಕುವ ಎರಡು ಮೆಷಿನ್ನು. ಮಾರುಕಟ್ಟೆಯ ಗದ್ದಲ ಅವುಗಳಲ್ಲಿ ತಲೆಗೆ ಬಡಿಯುತ್ತದೆಂದು ತೆಗೆದು ಡಬ್ಬಿಯಲ್ಲಿಟ್ಟಿದ್ದಳು. ಹೊಸದಕ್ಕೆ ನನ್ನ ಪೆನ್ಷನ್ ಸಾಲದು. ಈಗ ಅವಳಿಗೆ ಏನು ಹೇಳುವುದಿದ್ದರೂ ಪ್ಯಾಡಿನಲ್ಲಿ ಬರೆದು ತೋರಿಸುತ್ತೇನೆ.

ಠಾಣೆಯಲ್ಲಿ ‘ಕಳೆದುಹೋಗಿದೆ ಅಂತ ಬರ್ಕೊಡಿ ಸಾರ್, ಸುಲಭ’ ಅಂದರು. ‘ಕಳವಾಗಿದೆ’ ಎಂದು ಅವರು ಬರೆದುಕೊಳ್ಳುವವರೆಗೆ ಎರಡು ಗಂಟೆ ಬೆಂಚು ಬಿಡಲಿಲ್ಲ. ಆ ಜಂಬದಲ್ಲಿ ಮನೆಗೆ ಬಂದವನನ್ನು ನೀನು ಕಾಲು ಗಂಟೆಯಲ್ಲಿ ಮಣಿಸಿದೆ.

‘ಸ್ಟೀರಿಯೊ ಪಾಲಿಸೀಲಿ ಸೇರಿದೆ ಅಂಕಲ್. ಅದೂ ಹೋಯ್ತು ಅಂತ ಬರೀರಿ. ಕಂಪ್ನಿ ಸರ್ವೇಯರ್ ಕಾರು ನೋಡೋಕೆ ಬರೋಷ್ಟ್ರಲ್ಲಿ ಬಿಚ್ಚಿ ಅಟ್ಟದ ಮೇಲೆ ಹಾಕ್ಬಿಡಿ. ಆಂಟಿ ಮೆಷಿನ್ ದುಡ್ಡು ಅದ್ರಲ್ಲೇ ಹುಟ್ಟುತ್ತೆ.’

ಇದನ್ನು ನೀನು ಹೇಳಿದ್ದು ಅಂಬುಜಾ ನಿನ್ನ ಕೈಗೆ ಕಾಫಿ ಕೊಡುತ್ತಿದ್ದಾಗ. ದನಿ ತಗ್ಗಿಸಲಿಲ್ಲ. ಕೇಳಿಸುವುದಿಲ್ಲವಲ್ಲ! ಅವಳು ನಿನ್ನ ಮುಖ ನೋಡಿ ನಕ್ಕಳು. ಆ ಕಳ್ಳನಿಗಾದರೂ ಅವಳು ಯಾರೆಂದು ಗೊತ್ತಿರಲಿಲ್ಲ.

ನಿಮ್ಮಮ್ಮ ಕಲ್ಯಾಣಮ್ಮ ನಮ್ಮ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ಕಾಲ ನೆನಪಿದೆಯೇ? ನಿನ್ನ ಪಿಯುಸಿ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಪೆನ್ನು ನಿಂತಿತ್ತು. ಅಪ್ಪ ಬಿಟ್ಟುಹೋಗಿ ಆರು ವರ್ಷವಾಗಿತ್ತು. ‘ಇಂಜಿನಿಯರ್ ಅಂತ ಹಾಕ್ಲಾ ಆಂಟಿ?’ ಅಂದೆ. ‘ಇಲ್ದೇ ಇರೋದನ್ನ ಬರೀಬೇಡ ಕಣೋ. ಖಾಲಿ ಬಿಡು, ಅದ್ರಲ್ಲೇನು ಅವಮಾನ?’ ಅಂದಳು ಅಂಬುಜಾ. ಖಾಲಿ ಬಿಟ್ಟೆ. ಸೀಟೂ ಸಿಕ್ಕಿತು.

ನಿನ್ನೆ ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಕಾರಿನಲ್ಲಿ ಕೂತಿದ್ದೆ. ಹೌದು, ನಾನೇ. ನಿನ್ನ ಬಗ್ಗೆ ಪಡುವ ಹೇಸಿಗೆಯಲ್ಲಿ ಅರ್ಧ ಪಾಲು ನನ್ನದು. ಎರಡು ತಿರುಪು ಬಿಚ್ಚುವಷ್ಟರಲ್ಲಿ ಅಂಬುಜಾ ಬಂದು ಪ್ಯಾಡನ್ನು ನನ್ನ ಮುಂದೆ ಹಿಡಿದಳು. ನೀನು ಹೇಳಿದ್ದನ್ನೆಲ್ಲ ಬರೆದುಕೊಟ್ಟೆ. ತನ್ನ ದನಿ ತನಗೇ ಕೇಳಿಸದೆ ಈಗ ಅವಳು ಮಾತಾಡಿದರೆ ಮೂರು ಮನೆಗೆ ಮುಟ್ಟುತ್ತದೆ.

‘ರೀ, ಸ್ಟೀರಿಯೊ ಇಲ್ಲೇ ಇದೆಯಲ್ರೀ! ಕಳ್ಳ ಬಿಟ್ಟುಹೋಗಿದ್ದನ್ನ ನೀವ್ಯಾಕ್ರೀ ಬಿಚ್ತಿದೀರಾ?’

ಎದುರುಮನೆಯಲ್ಲಿ ಬಸವರಾಜೇಶ್ವರಿಯವರ ಪೊರಕೆ ನಿಂತಿತು.

ತಿರುಪುಗಳನ್ನು ಮತ್ತೆ ಬಿಗಿ ಮಾಡಿದ್ದೇನೆ. ಫಾರಂನಲ್ಲಿ ಗಾಜೊಂದನ್ನೇ ಬರೆದಿದ್ದೇನೆ. ಸ್ಟೀರಿಯೊ ಎದುರಿನ ಜಾಗ ಖಾಲಿ. ನೀನೂ ತುಂಬಬೇಡ.

ಈ ಕಾಗದವನ್ನು ಅಂಬುಜಾ ಓದಿದಳು. ‘ಬಂದ್ರೆ ಕಾಫಿ ಕೊಡ್ತೀನಿ. ಆದ್ರೆ ಏನ್ ಹೇಳೋದಿದ್ರೂ ಪ್ಯಾಡಲ್ಲಿ ಬರ್ದು ನಂಗೆ ತೋರ್ಸಿ ಹೇಳ್ಲಿ’ ಅಂದಳು, ಬೀದಿಗೆಲ್ಲ ಕೇಳುವಂತೆ.

ಆಶೀರ್ವಾದ ಅಂತ ಇದ್ದರೆ ಅದು ಅವಳದು. ನನ್ನದು ಸಹಿ ಮಾತ್ರ, ಈ ಸಲ ಓದಿ ಹಾಕಿದ್ದು.

ಚಕ್ರಪಾಣಿ