ಮಲಗಿರುವ ಡಿಸ್ಕನ್ನು ಎಬ್ಬಿಸಲೇ?

ಹನುಮಂತನಪಟ್ಟಿ
12 ಆಗಸ್ಟ್ 2024

ಪ್ರೀತಿಯ ಲೋಗೇಶಣ್ಣ,

ಕೊಡೈಕಾನಲ್ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಮಫ್ಲರ್ ಕಟ್ಟಿಕೊಳ್ಳುತ್ತೀಯೋ, ಇಲ್ಲ ಶಾಲೆಯ ಮಕ್ಕಳ ಮುಂದೆ ಸ್ಟೈಲು ಮಾಡುತ್ತೀಯೋ? ಇಲ್ಲಿ ಎಲ್ಲರೂ ಕ್ಷೇಮ. ಗಂಟಲಿನ ಆಪರೇಷನ್ನಿಂದ ಅಮ್ಮನ ಮಾತು ನಿಂತಿತೇ ಹೊರತು ಗಂಜಿ, ರಸಂ ಚೆನ್ನಾಗಿ ಇಳಿಯುತ್ತಿದೆ. ಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯುತ್ತಾರೆ; ಅಕ್ಷರ ತಮಿಳಿನದು, ಮಾತು ನಮ್ಮ ಕನ್ನಡ. ನೀನು ಫೋನ್ ಮಾಡಿದಾಗ ಅಮ್ಮನಿಗೆ ಕೇಳಲೆಂದು ಸ್ಪೀಕರ್ ಹಾಕಲೇಬೇಕಲ್ಲ, ಅದಕ್ಕೇ ಅಲ್ಲಿ ಹೇಳಲಾಗದ್ದನ್ನು ಬರೆದು, ದ್ರಾಕ್ಷಿ ವ್ಯಾನಿನಲ್ಲಿ ಬೆಟ್ಟ ಹತ್ತುವ ಕಾಮರಾಜ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಲಿನಕ್ಸ್ ಕಂಪ್ಯೂಟರಿನ ದೊಡ್ಡ ಹಾರ್ಡ್ ಡಿಸ್ಕ್ ಸಾಯುತ್ತಿದೆ ಅಣ್ಣ. ಹೋದ ವರ್ಷ ನೀನು ರೆಕಾರ್ಡ್ ಮಾಡಿದ ಅಮ್ಮನ ಹಸೆಹಾಡು, ಬೈಗುಳ, ನಗು ಎಲ್ಲ ಅದರಲ್ಲೇ ಇದೆ. ಇನ್ವರ್ಟರ್ ಹೆಚ್ಚು ಹೊತ್ತು ಬರಲೆಂದು, ಕೆಲಸವಿಲ್ಲದೆ ಸ್ವಲ್ಪ ಹೊತ್ತಾದರೆ ಡಿಸ್ಕ್ ತಾನಾಗಿ ಮಲಗುವಂತೆ ನೀನು ಮಾಡಿಟ್ಟಿದ್ದೆ. ನಾನು ಮಹಾ ಜಾಣೆ, ಆ ಅವಧಿಯನ್ನು ಇನ್ನೂ ಇಳಿಸಿದೆ. ಅದು ಮಲಗುವುದು, ಯಾವುದೋ ಪ್ರೋಗ್ರಾಂ ತಟ್ಟಿ ಎಬ್ಬಿಸುವುದು, ಪ್ರತಿ ಸಲವೂ ಟಿಕ್ ಅನ್ನುವುದು. ಕಂಪ್ಯೂಟರ್ ಇಟ್ಟ ಗೋಡೆಯ ಗೂಡಿನಿಂದ ಬರುವ ಆ ಸದ್ದನ್ನು ಅಪ್ಪ ಹಲ್ಲಿ ಅಂದುಕೊಂಡರು. ಅಮ್ಮನಿಗೆ ಮತ್ತೆ ಮಾತು ಬರುತ್ತದೋ ಇಲ್ಲವೋ ಎಂದು ನಾವು ಅನ್ನುವಾಗ ಟಿಕ್ ಎಂದರೆ ಸಾಕು, "ಪಲ್ಲಿ ಸೊಲ್ತದೆ ಕಣ್ಣು, ನಲ್ಲದೇ ಆಯ್ತದೆ" ಎಂದು ಹಲ್ಲಿ ನುಡಿದ ಒಳ್ಳೆಯ ಶಕುನಕ್ಕೆ ಬೆರಳಲ್ಲಿ ನೆಲ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಎರಡು ತಿಂಗಳು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಶುಕ್ರವಾರ ಅಮ್ಮನಿಗೊಂದು ಹಾಡು ಹಾಕಿದರೆ ಅರ್ಧಕ್ಕೇ ಕರಕರ ಅಂದು ನಿಂತಿತು. ಆಗಲೇ ಗೂಡಿಗೆ ಕಿವಿಯಿಟ್ಟು ಕೇಳಿದ್ದು. ಪರೀಕ್ಷಿಸಿದರೆ ಆರು ಲಕ್ಷ ಸಲ ಮಲಗಿ ಎದ್ದ ಲೆಕ್ಕ ತೋರಿಸುತ್ತಿದೆ. ತೇನಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಕ್ತಿವೇಲ್, "ಇನ್ನೊಂದ್ ವಾಟಿ ಎದ್ರೆ ಏಳ್ತದೆ ಅಕ್ಕಾ, ಅಪ್ಪುರಂ ನಂಬಕ್ಕಾಗಲ್ಲ" ಅಂದ. ಇನ್ನೊಂದೇ ಸಲ, ಆಮೇಲೆ ದೇವರೇ ಗತಿ. ಅಂದಿನಿಂದ ಅದನ್ನು ಮುಟ್ಟುವ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿದ್ದೇನೆ. ನೀನು ಚೀಟಿಯಲ್ಲಿ ಬರೆದಿಟ್ಟ ಎಚ್‌ಡಿಪಾರ್ಮ್ ಕಮಾಂಡ್ ಇದೆಯಲ್ಲ, ಡಿಸ್ಕನ್ನು ಎಬ್ಬಿಸದೆಯೇ ಅದರ ಸ್ಥಿತಿ ಕೇಳುವಂಥದ್ದು, ಅದನ್ನು ಗಂಟೆಗೊಮ್ಮೆ ಹಾಕುತ್ತೇನೆ. 'ಸ್ಟ್ಯಾಂಡ್‌ಬೈ', ಅಂದರೆ ಮಲಗಿದೆ, ಎಂದು ಬಂದರೆ ಹೋದ ಜೀವ ಬಂದಂತಾಗುತ್ತದೆ. ಹೊಸ ಡಿಸ್ಕ್ ತಂದಿಟ್ಟಿದ್ದೇನೆ, ಹಳೆಯದನ್ನು ಇನ್ನೂ ಎಬ್ಬಿಸಿಲ್ಲ. ಎಬ್ಬಿಸಿದರೆ ಮತ್ತೆ ಮಲಗದಂತೆ ಆ ಕಮಾಂಡಿಗೆ ಯಾವ ಸಂಖ್ಯೆ ಕೊಡಬೇಕು, ಯಾವುದನ್ನು ಮೊದಲು ಕಾಪಿ ಮಾಡಬೇಕು, ಬಿಡಿಸಿ ಬರೆ. ಸಾಧ್ಯವಾದರೆ ನೀನೇ ಇಳಿದು ಬಾ.

ಅಪ್ಪ ನಿನ್ನನ್ನು ಹರಸಿದ್ದಾರೆ. ಅಮ್ಮ ಸ್ಲೇಟಿನಲ್ಲಿ ನಿನ್ನ ಹೆಸರು ಬರೆದು, ಪಕ್ಕದಲ್ಲಿ ಎರಡು ಸಲ 'ಉಣ್ಣು' ಎಂದು ಬರೆದರು.

ನಿನ್ನ ತಂಗಿ,
ಇಂದುಜಾ

ವಿ.ಸೂ.: ಕಾಮರಾಜ್ ಹಾರ್ನ್ ಹೊಡೆಯುತ್ತಿದ್ದಾನೆ. ವೇದಸಂದೂರಿನ ಚಿಕ್ಕಮ್ಮನ ಮನೆಯಲ್ಲಿ ಇನ್ನೊಂದು ಪ್ರತಿ ಇದೆಯಲ್ಲ ಎಂದು ನೀನು ಧೈರ್ಯವಾಗಿರುತ್ತೀಯ. ಅದಿಲ್ಲ ಅಣ್ಣ. ಚಿಕ್ಕಮ್ಮನ ಮಗಳು ಪಾಂಡೀಶ್ವರಿಯ ಮದುವೆ ವಿಡಿಯೋಗೆ ಜಾಗ ಸಾಲದೆಂದು ಪೊಂಗಲ್ ಬರುವ ತೈ ತಿಂಗಳಲ್ಲಿ ನಾನೇ ಅಳಿಸಿದೆ. ಆಗ ಅಮ್ಮ ದಿನವಿಡೀ ಮಾತಾಡುತ್ತಲೇ ಇದ್ದರು. ಇವತ್ತು ಬೆಳಿಗ್ಗೆ 'ನನ್ ದನಿ ಒಂದ್ಸಲ ಕೇಳ್ಸು' ಎಂದು ಬರೆದುಕೊಂಡು ಬಂದರು. ಕರೆಂಟ್ ಇಲ್ಲಮ್ಮಾ ಅಂದುಬಿಟ್ಟೆ. ಅಮ್ಮ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಆಮೇಲೆ ಸೆರಗಿನಲ್ಲಿ ಸ್ಲೇಟ್ ಒರೆಸಿಕೊಂಡು ಒಳಗೆ ಹೋದರು.